ಶಿರಸಿಯಿಂದ ಕಾರವಾರಕ್ಕೆ ಸ್ಕ್ರೀನ್ ಶೇರ್: ನನ್ನ ಅನುಭವ

ಶಿರಸಿಯ ಅಂಗಡಿಯಲ್ಲೇ ಕುಳಿತು, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿರುವ ಲೆಕ್ಕವನ್ನು ವಾಟ್ಸಾಪ್ ಕರೆಯಲ್ಲಿ, ನನ್ನ ಲೆಕ್ಕಪತ್ರ ನೋಡುವ ಕಾರವಾರದ ಸ್ನೇಹಿತನಿಗೆ ತೋರಿಸಿ ಜಿಎಸ್‌ಟಿ ರಿಟರ್ನಿನ ತಾಳೆ ಮುಗಿಸುವ ಕ್ರಮ ಈ ಮಳೆಗಾಲದಲ್ಲಿ ಕೊನೆಗೂ ಕೈಹತ್ತಿತು. "ಆರ್ದ್ರಾ ಮಳೆ ಹಿಡಿದರೆ ಫೋನೇ ಹತ್ತುವುದಿಲ್ಲ, ನೀನು ಸ್ಕ್ರೀನ್ ತೋರಿಸುತ್ತೀಯೇನೋ ಮಾರಾಯಾ" ಎಂದವನು ಅದೇ ಸ್ನೇಹಿತ.

ಮೊದಲು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ 3ಬಿ (ತೆರಿಗೆಯ ಸಾರಾಂಶ) ಎಂದು ತಿಂಗಳಿಗೆರಡು ಸಲ ಪೆನ್‌ಡ್ರೈವ್ ಹಿಡಿದು ಘಟ್ಟ ಇಳಿಯುತ್ತಿದ್ದೆ. ಬಸ್ಸು, ಊಟ ಸೇರಿ ಪ್ರತಿ ಸಲ ಸುಮಾರು 500 ರೂಪಾಯಿ ಖರ್ಚಾಗುತ್ತಿತ್ತು. ಅಂಗಡಿಯ ಒಂದು ದಿನದ ವ್ಯಾಪಾರ ಹೋದದ್ದು ಬೇರೆ. ವಾಟ್ಸಾಪ್‌ನಲ್ಲಿ ಸ್ಕ್ರೀನ್ ಶೇರ್ 2023ರಲ್ಲೇ ಬಂದಿದ್ದರೂ ಇಲ್ಲಿ ಯಾರೂ ಅದನ್ನು ಲೆಕ್ಕದ ಕೆಲಸಕ್ಕೆ ನಂಬಿರಲಿಲ್ಲ. ನಾನು ಪ್ರಯತ್ನಿಸಿದಾಗ, 1,800 ರೂಪಾಯಿಯಷ್ಟು ಕೊಟ್ಟು ತಂದ ಡಾಂಗಲ್‌ನಲ್ಲಿ (ಸಿಮ್ ಹಾಕಿ ಇಂಟರ್ನೆಟ್ ಪಡೆಯುವ ಸಾಧನ) ಚಿತ್ರ ಮಸುಕಾಗಿ, ಲೆಡ್ಜರಿನ, ಅಂದರೆ ಖಾತೆಪುಸ್ತಕದ, 3 ಯಾವುದು, 8 ಯಾವುದು ಎಂದು ಸ್ನೇಹಿತನಿಗೆ ತಿಳಿಯುತ್ತಿರಲಿಲ್ಲ. ಮೊಬೈಲನ್ನು ಸ್ಟ್ಯಾಂಡಿಗೇರಿಸಿ ಮಾನಿಟರಿನ ಎದುರು ನಿಲ್ಲಿಸಿದರೆ ಪರದೆಯ ತುಂಬ ಅಲೆ ಅಲೆಯಾದ ಗೆರೆಗಳು ಬಂದವು.

ನಾವೆಲ್ಲ ಡೌನ್‌ಲೋಡ್ ವೇಗ ನೋಡಿ ತೃಪ್ತರಾಗುತ್ತೇವೆ. ತೋರಿಸುವವನಿಗೆ ಬೇಕಾದದ್ದು ಅಪ್‌ಲೋಡ್, ಅಂದರೆ ನಮ್ಮಿಂದ ಹೊರಗೆ ಕಳಿಸುವ ವೇಗ. ಡಾಂಗಲ್ ಬಿಟ್ಟು ಫೈಬರ್‌ಗೆ ಬಂದೆ, ಕರೆಂಟು ಹೋದಾಗ ಮೋಡೆಮ್ ಆರದಿರಲು 1,300 ರೂಪಾಯಿಯ ಆಸುಪಾಸಿನ ಪುಟ್ಟ ಯುಪಿಎಸ್ ಹಾಕಿದೆ. ಕ್ಯಾಮೆರಾ ಮುಚ್ಚಿ, ಕಂಪ್ಯೂಟರಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಬಂದ್ ಮಾಡಿ, ಮಾತನ್ನು ಸಾದಾ ಫೋನ್ ಕರೆಗೆ ಸಾಗಿಸಿದ ಮೇಲೆ, ಚಿತ್ರ ಕ್ಷಣ ತಡೆದರೂ ಮಾತು ಕಡಿಯಲಿಲ್ಲ. ರೆಸಲ್ಯೂಷನ್ ಇಳಿಸಿ ಅಕ್ಷರ ದೊಡ್ಡದು ಮಾಡಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮೌಸಿನ ಚಕ್ರ ತಿರುಗಿಸುವುದನ್ನು ಬಿಟ್ಟದ್ದು. ಪರದೆ ಸರಿಯುತ್ತಲೇ ಇದ್ದರೆ ಕಳಿಸಬೇಕಾದ ಚಿತ್ರವೂ ಬದಲಾಗುತ್ತಲೇ ಇರುತ್ತದೆ. ಪೇಜ್ ಡೌನ್ ಒತ್ತಿ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಅಂಕಿಗಳು ತಾವಾಗಿ ತಿಳಿಯಾಗುತ್ತವೆ. ಇಡೀ ಪರದೆಯನ್ನು ನಾನೆಂದೂ ಕೊಡುವುದಿಲ್ಲ, ಟ್ಯಾಲಿಯ ಕಿಟಕಿಯನ್ನಷ್ಟೇ ಕೊಡುತ್ತೇನೆ. ಬ್ಯಾಂಕಿನ ಸಂದೇಶ ಯಾವ ಹೊತ್ತಿಗೆ ಮೂಲೆಯಲ್ಲಿ ಇಣುಕುತ್ತದೆಂದು ಹೇಳಲಾಗದು.

ಈ ನಡುವೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನೂ ತೋರಿಸಿ ನೋಡಿದೆ. ಮೇಲ್ ಮಾಡಿದಾಗ ಫಾಂಟ್ ಇಲ್ಲದ ಅವನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತಿದ್ದ ಪತ್ರ, ಇಲ್ಲಿ ಚಿತ್ರವಾಗಿ ಹೋಗುವುದರಿಂದ ಅಚ್ಚುಕಟ್ಟಾಗಿ ಕಂಡಿತು.

ಶೇರ್ ಒತ್ತುವ ಮೊದಲು ವಿಂಡೋಸ್‌ನಲ್ಲಿ ನಾನು ಮಾಡುವ ಇನ್ನೊಂದು ಬದಲಾವಣೆಯಿದೆ; ಗಿರಾಕಿಗಳಿಗೆ ಅದನ್ನು ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಹೀಗೆ ಸ್ಕ್ರೀನ್ ತೋರಿಸಲು ಗಂಟೆಗೆ ಅರ್ಧ ಜಿಬಿಯಷ್ಟು ಡೇಟಾ ಹೋಗುತ್ತದೆ. ಈಗ ಆ ಸ್ನೇಹಿತನೇ ಯಲ್ಲಾಪುರ, ಜೊಯಿಡಾ ಕಡೆಯ ತನ್ನ ಕಕ್ಷಿದಾರರಿಗೆ ಇದೇ ಕ್ರಮ ಹೇಳಿಕೊಡುತ್ತಿದ್ದಾನೆ. ಅವರಲ್ಲಿ ಫೈಬರ್ ಇಲ್ಲದವರಿಗೆ ಇಡೀ ಲೆಡ್ಜರಿನ ಬದಲು ಒಂದೊಂದೇ ವ್ಯವಹಾರದ ನಮೂದನ್ನು (ವೋಚರ್) ತೆರೆದು ತೋರಿಸುವ ಪ್ರಯತ್ನದಲ್ಲಿ ಇಬ್ಬರೂ ಇದ್ದೇವೆ.