ಮುಂಬೈ ಲಾಲ್‌ಬಾಗಿನ ಚಾಳನ್ನು ಡೊಂಬಿವಲಿಯಲ್ಲಿ ಕೂತು ಕಟ್ಟಿದ್ದು

"ಜಾಗ ನೋಡದೆ ಕತೆ ಬರೆಯಬೇಡಿ" ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಒಬ್ಬ ಸಂಪಾದಕರು ಕತೆ ವಾಪಸ್ ಕಳಿಸುವಾಗ ಇದನ್ನೇ ಬರೆದಿದ್ದರು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕತೆಗಾರರ ಬಳಗದಲ್ಲಂತೂ ಇದು ಹಳೇ ಜಗಳ. ಹೋದ ವರ್ಷ ಆ ಕತೆಯನ್ನೇ ನನ್ನ ರೀತಿಯಲ್ಲಿ ಹೊಸದಾಗಿ ಬರೆದೆ. ಒಂದು ದೀಪಾವಳಿ ವಿಶೇಷಾಂಕದಲ್ಲಿ ಬಂತು. ಪರೇಲಿನಲ್ಲೇ ಬೆಳೆದ ಹಿರಿಯರೊಬ್ಬರು ಫೋನ್ ಮಾಡಿ, "ಅದು ನಮ್ಮ ಚಾಳೇ ಅಲ್ವಾ ಮಾರಾಯ್ರೆ, ನಿಮ್ಮ ಖೋಲಿ ಎಷ್ಟನೇ ಮಾಳಿಗೆಯಲ್ಲಿತ್ತು?" ಎಂದು ಕೇಳಿದರು. ಅಂಥ ಚಾಳು, ಅಂದರೆ ಒಂದೊಂದು ಖೋಲಿಯಲ್ಲಿ (ಕೋಣೆಯಲ್ಲಿ) ಒಂದೊಂದು ಸಂಸಾರ ಇರುವ ಕಟ್ಟಡ, ಎಲ್ಲೂ ಇಲ್ಲ. ಲಾಲ್‌ಬಾಗಿನ ಎರಡು ಚಾಳು ಮತ್ತು ಕುಂದಾಪುರದ ಕಡೆಯ ನಮ್ಮ ಹಳೇ ಮನೆ, ಇಷ್ಟನ್ನು ಸೇರಿಸಿ ನಾನು ಮಾಡಿದ್ದು.

ಅದಕ್ಕೂ ಮೊದಲು ಬಳಗದವರ ಮಾತನ್ನೂ ಕೇಳಿ ನೋಡಿದ್ದೆ. ಚಿಂಚ್‌ಪೋಕಳಿ ಸ್ಟೇಷನ್ ಹತ್ತಿರ ಒಂದು ತಿಂಗಳಿಗೆ ಖೋಲಿ ಹಿಡಿದೆ. ಬಾಡಿಗೆ, ದಲಾಲಿ, ಹೊರಗಿನ ಊಟ, ಎಲ್ಲ ಸೇರಿ ಇಪ್ಪತ್ತೈದು ಮೂವತ್ತು ಸಾವಿರ ಹೋಗಿರಬೇಕು. ನೋಟ್‌ಬುಕ್ ತುಂಬಿತು, ಕತೆ ಹುಟ್ಟಲಿಲ್ಲ. ಕತೆ ನಡೆಯುವುದು 1982ರಲ್ಲಿ. ಕಿಟಕಿ ತೆಗೆದರೆ ಕಾಣುವುದು 2011ರಲ್ಲಿ ಓಡಾಟಕ್ಕೆ ತೆರೆದ ಫ್ಲೈಓವರ್, ಅದರ ಹಿಂದೆ ಮಿಲ್ ಜಾಗದಲ್ಲಿ ಎದ್ದ ಟವರ್‌ಗಳು. ಕಣ್ಣೆದುರಿಗೆ ಇದ್ದದ್ದನ್ನು ಮನಸ್ಸಿನಲ್ಲಿ ಒರೆಸುವುದರಲ್ಲೇ ತಿಂಗಳು ಮುಗಿಯಿತು. ಕೊನೆಗೆ ಅಚ್ಚಾದ ಕತೆಗೆ ಬಂದ ಗೌರವಧನ ಸಾವಿರ ರೂಪಾಯಿ. ಲೆಕ್ಕ ನೀವೇ ಹಾಕಿ. ನಮ್ಮ ಮನೆಯವಳು ಹಾಕಿ ಆಗಿದೆ.

ಈಗ ನಾನು ಮಾಡುವುದು ಇಷ್ಟೇ. ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ, ಬೆನ್ನ ಮೇಲೆ ನಕ್ಷೆ ಬರೆಯುತ್ತೇನೆ. ನಕ್ಷೆಯೆಂದರೆ ಕಟ್ಟಡದ್ದಲ್ಲ, ಕೆಲಸಗಳದ್ದು. ಬೆಳಿಗ್ಗೆ ನಳ ಬಂದಾಗ ಯಾರ ಡ್ರಮ್ಮು ಎಲ್ಲಿ ನಿಲ್ಲುತ್ತಿತ್ತು? ಸಂಡಾಸಿನ ಸಾಲಿಗೆ ಹೋಗುವವರು ಯಾರ ಬಾಗಿಲು ದಾಟಬೇಕಿತ್ತು? ಗ್ಯಾಲರಿಯಲ್ಲಿ ಮಲಗಿದವರನ್ನು ತುಳಿಯದೆ ರಾತ್ರಿ ಪಾಳಿಯವನು ಹೇಗೆ ಒಳಗೆ ಬರುತ್ತಿದ್ದ? ಪಾತ್ರದ ಒಂದು ದಿನದ ಓಡಾಟಕ್ಕೆ ಗೆರೆ ಎಳೆದರೆ, ಗೆರೆ ಮುಟ್ಟಿದ ಕಡೆಯೆಲ್ಲ ಗೋಡೆ ತಾನಾಗಿ ಏಳುತ್ತದೆ. ಗೆರೆ ಮುಟ್ಟದ ಕಡೆ ನಾನೂ ಬರೆಯುವುದಿಲ್ಲ. ನೆನಪು ಕೈಕೊಟ್ಟ ಕಡೆ ಬೇರೆ ಮನೆಯ ತುಂಡು ತಂದು ಹಾಕುತ್ತೇನೆ. ಚಾಳಿನ ಮೆಟ್ಟಿಲು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಊರ ಮನೆಯ ಅಟ್ಟಕ್ಕೆ ಹತ್ತುವ ಕಡೆ ಒಂದು ಮೆಟ್ಟಿಲು ಗಿಡ್ಡ ಇತ್ತು, ಕತ್ತಲಲ್ಲಿ ಕಾಲು ತಪ್ಪುತ್ತಿತ್ತು. ಅದನ್ನೇ ಲಾಲ್‌ಬಾಗಿಗೆ ಸಾಗಿಸಿದೆ. ಫೋನ್ ಮಾಡಿದ ಹಿರಿಯರು ಅದೇ ಮೆಟ್ಟಿಲಲ್ಲಿ ತಾವು ಬಿದ್ದದ್ದನ್ನು ಹತ್ತು ನಿಮಿಷ ಹೇಳಿದರು!

ಯಾವ ಗೆರೆಯಿಂದ ಶುರು ಮಾಡುತ್ತೇನೆ ಎಂದು ಬಳಗದವರು ಕೇಳುತ್ತಲೇ ಇದ್ದಾರೆ. ಅದನ್ನು ಮಾತ್ರ ಹೇಳುವುದಿಲ್ಲ.

ಮುಷ್ಕರದ ಭಾಗ ಬರೆಯುವಾಗ ಈ ನಕ್ಷೆಯ ಬೆಲೆ ಗೊತ್ತಾಯಿತು. 1982ರ ಜನವರಿ 18ಕ್ಕೆ ಶುರುವಾದ ಮುಂಬೈ ಬಟ್ಟೆ ಮಿಲ್ಲುಗಳ ಮುಷ್ಕರ. ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮೊದಲ ಕರಡಿನಲ್ಲಿ ಮೆರವಣಿಗೆ, ಘೋಷಣೆ, ಬಾವುಟ ಎಲ್ಲ ಇತ್ತು. ಹಳೇ ಪೇಪರ್ ತಿರುವಿದರೆ ಯಾರಿಗೂ ಸಿಗುವಂಥದ್ದು. ನಕ್ಷೆಯಲ್ಲಿ ಪಕ್ಕದ ಖೋಲಿಯ ಆಯಿಯ ಸ್ಟವ್ ತನಕ ಬಂದು ನಿಂತೆ. ಆಕೆ ಸ್ಟವ್ ಹಚ್ಚುತ್ತಿದ್ದದ್ದು ಎಷ್ಟು ಹೊತ್ತಿಗೆ? ಗಂಟೆ ನೋಡಿ ಅಲ್ಲ, ಮಿಲ್ಲಿನ ಭೋಂಗಾ ಕೇಳಿ. ಪಾಳಿ ಶುರುವಾಗುವ ಮೊದಲು ಆ ಸೈರನ್ ಕೂಗಿದರೆ ಇಡೀ ಗಿರಣಗಾಂವ್, ಅಂದರೆ ಮಿಲ್ಲುಗಳ ಆ ಪ್ರದೇಶ, ಏಳುತ್ತಿತ್ತು. ಮಿಲ್ ನಿಂತ ಮೇಲೆ ಭೋಂಗಾ ಇಲ್ಲ. ಆಯಿ ಕತ್ತಲಲ್ಲೇ ಎದ್ದು ಬಂದು ನಮ್ಮ ಬಾಗಿಲು ತಟ್ಟಿ ಗಂಟೆ ಕೇಳುತ್ತಿದ್ದಳು. ಮುಂಬೈ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ನನಗೆ ಬೆಳಗಿನ ಪಾಳಿ. ಹಾಗಾಗಿ ಅಲಾರಾಂ ಗಡಿಯಾರ ಇದ್ದದ್ದು ನಮ್ಮ ಖೋಲಿಯಲ್ಲಿ ಮಾತ್ರ. ಕೆಲಸಕ್ಕೆ ಹೋಗಲು ಗಂಡನಿಗೆ ಮಿಲ್ ಇಲ್ಲ, ಆದರೂ ಅವಳಿಗೆ ಗಂಟೆ ಬೇಕು. ಮೆರವಣಿಗೆಯ ಎರಡು ಪುಟ ಹರಿದು ಹಾಕಿ ಇದನ್ನು ಬರೆದೆ. ಇಷ್ಟು ವರ್ಷದಲ್ಲಿ ನಾನು ಬರೆದದ್ದರಲ್ಲಿ ಒಳ್ಳೇ ಪುಟ ಅದು, ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ.

ಸ್ಟೇಷನ್ನಿಗೂ ಇದೇ ರೀತಿ. ಕರೀ ರೋಡಿನಲ್ಲಿ ವಿಟಿ (ವಿಕ್ಟೋರಿಯಾ ಟರ್ಮಿನಸ್) ಲೋಕಲ್ ಹಿಡಿಯುವ ಹಳಬ ಪ್ಲಾಟ್‌ಫಾರ್ಮಿನ ಮುಂದಿನ ತುದಿಗೆ ನಡೆದು ಹೋಗುತ್ತಾನೆ. ವಿಟಿ ಕೊನೇ ಸ್ಟೇಷನ್. ಮುಂದಿನ ಡಬ್ಬದಿಂದ ಇಳಿದವನು ಎಲ್ಲರಿಗಿಂತ ಮೊದಲು ಹೊರಗೆ. ಮೆಟ್ಟಿಲು ಇಳಿದ ಜಾಗದಲ್ಲೇ ನಿಂತು ಅತ್ತಿತ್ತ ನೋಡುವವನು ಮೊನ್ನೆ ತಾನೇ ಊರಿಂದ ಬಂದವನು. ಅವನು ಹೊಸಬ ಎಂದು ಬೇರೆ ವಾಕ್ಯ ಬರೆಯುವ ಅಗತ್ಯವೇ ಇಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ವಾಸನೆಯಿಂದ ನೆನಪು ಬರುತ್ತದೆ ಅಂತಾರಲ್ಲ, ನೋಡೋಣ ಎಂದು ಬೇಸಿಗೆಯಲ್ಲಿ ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ಹೋದೆ. ವರ್ಷದ ಮಸಾಲೆ ಕುಟ್ಟಿಸಲು ಹೆಂಗಸರು ಸಾಲು ನಿಂತಿದ್ದರು. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು, ನೆನಪು ಬರಲಿಲ್ಲ. ಎರಡು ಕಿಲೋ ಮಸಾಲೆ ಮನೆಗೆ ಬಂತು. ಮೀನು ಸಾರಿಗೆ ಚೆನ್ನಾಗಿಯೇ ಆಯಿತು ಅನ್ನಿ. ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿದ್ದೂ ಆಯಿತು. ಬರೀ ಹಾರ್ನ್. ಊರ ಮನೆಯನ್ನು ನೋಡಿ ಬಂದ ಮೇಲಂತೂ ಅಲ್ಲಿನ ಕತೆಯೊಂದು ನಿಂತೇ ಹೋಯಿತು. ಸಗಣಿ ಸಾರಿಸಿದ ಜಗಲಿಗೆ ತಮ್ಮ ಟೈಲ್ಸ್ ಹಾಕಿಸಿದ್ದಾನೆ. ಈಗ ಜಗಲಿ ನೆನೆದರೆ ಟೈಲ್ಸೇ ಕಣ್ಣಿಗೆ ಬರುತ್ತದೆ.

ನೆನಪನ್ನೇ ನಂಬಿ ಕೂತರೆ ಇಸವಿ ಕಲಸಿ ಹೋಗುತ್ತದೆ, ಅದು ನಿಜ. ಅದಕ್ಕೆ ಕರಡು ಮುಗಿದ ಮೇಲೆ ಪ್ರತಿ ಕತೆಗೂ ಒಂದು ಇಸವಿ ಚೀಟಿ ಮಾಡುತ್ತೇನೆ. 1982 ಎಂದರೆ ವಿಟಿ ಎನ್ನಬೇಕು. ಅದು ಸಿಎಸ್‌ಟಿ (ಛತ್ರಪತಿ ಶಿವಾಜಿ ಟರ್ಮಿನಸ್) ಆದದ್ದು 1996ರಲ್ಲಿ. ಪ್ರಭಾದೇವಿ ಸ್ಟೇಷನ್ ಇಲ್ಲ, ಆಗ ಅದು ಎಲ್ಫಿನ್‌ಸ್ಟನ್ ರೋಡ್. ಊರಿಗೆ ಹೋಗಲು ಕೊಂಕಣ ರೈಲೂ ಇಲ್ಲ, ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿಯಬೇಕು. ಈ ಕೆಲಸಕ್ಕೆ ಒಂದು ಸಂಜೆ ಸಾಕು, ದುಡ್ಡೂ ಬೇಡ.

ಈಗ ಫೋರ್ಟಿನ ಕನ್ನಡ ರಾತ್ರಿ ಶಾಲೆಯ ಮೇಲೆ ಒಂದು ಕತೆ ಹಿಡಿದಿದ್ದೇನೆ. ಹೋಟೆಲಿನ ತಟ್ಟೆ ಲೋಟ ತೊಳೆದು ಒದ್ದೆ ಕೈಯಲ್ಲೇ ಓಡುತ್ತಿದ್ದ ನಮ್ಮಂಥ ಹುಡುಗರ ಶಾಲೆ. ನಕ್ಷೆಯಲ್ಲಿ ಹೋಟೆಲಿನ ಹಿಂಬಾಗಿಲಿನಿಂದ ನನ್ನ ಬೆಂಚಿನವರೆಗೆ ಗೆರೆ ಬಂದಿದೆ, ಮಾಸ್ತರರ ಮೇಜು ಇನ್ನೂ ಸಿಕ್ಕಿಲ್ಲ. ಒಮ್ಮೆ ಹೋಗಿ ನೋಡಿ ಬಾ ಎಂದು ಬಳಗದವರು ಮತ್ತೆ ಶುರು ಮಾಡಿದ್ದಾರೆ. ಕರಡು ಮುಗಿಯುವ ತನಕ ಆ ಬೀದಿಗೇ ಕಾಲಿಡುವುದಿಲ್ಲ ಎಂದಿದ್ದೇನೆ.