ಆರು ಮೀಟರ್ ತಂತಿಯಲ್ಲಿ ಗುರುತ್ವ ಅಳೆದದ್ದು

ಒಂಬತ್ತನೇ ತರಗತಿಯ ಗುರುತ್ವ ಪಾಠಕ್ಕೆ ಕಲ್ಲು ಬೀಳಿಸಿ ಕಾಲ ಅಳೆಯುವ ಪ್ರಯೋಗವನ್ನು ನಾನು ಕೈಬಿಟ್ಟಿದ್ದೇನೆ. ಆರು ಮೀಟರ್ ಎತ್ತರದಿಂದ ಬೀಳಲು ಕಲ್ಲಿಗೆ ಬೇಕಾದದ್ದು 1.1 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ಆಚೀಚೆಯಾದರೆ ಉತ್ತರ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಮೀಟರಿನಂತೆ ಪ್ರತಿ ಸೆಕೆಂಡೂ ಹೆಚ್ಚುತ್ತದೆ ಎಂಬ ಅಂಕಿ, 7 ಎಂದೂ ಬಂದೀತು, 14 ಎಂದೂ ಬಂದೀತು. ಕೊನೆಗೆ ಮಕ್ಕಳು ಪುಸ್ತಕದ 9.8ಕ್ಕೆ ಹೊಂದುವಂತೆ ಕಾಲವನ್ನೇ ತಿದ್ದಿ ಬರೆಯುತ್ತಾರೆ. ನೋಡಿಯೂ ನೋಡದಂತೆ ಸಹಿ ಹಾಕುವ ಮೇಷ್ಟ್ರುಗಳಿಗೂ ಬರವಿಲ್ಲ.

ನಾನು ಹಿಡಿದದ್ದು ಲೋಲಕದ ದಾರಿ: ತೂಗುಬಿಟ್ಟ ಗುಂಡು ಒಮ್ಮೆ ಹೋಗಿ ಬರಲು ಹಿಡಿಯುವ ಕಾಲ ಮತ್ತು ತಂತಿಯ ಉದ್ದ ಗೊತ್ತಾದರೆ ಅದೇ ಅಂಕಿ ಲೆಕ್ಕಕ್ಕೆ ಸಿಗುತ್ತದೆ. ಪ್ರಯೋಗಾಲಯದ ಗಿಡ್ಡ ಲೋಲಕವಲ್ಲ. ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಎರಡನೇ ಮಹಡಿಯಿಂದ ಇಳಿಬಿಟ್ಟ ಆರು ಮೀಟರಿನದು. "ಜೋಕಾಲಿ ಕಟ್ಟುತ್ತೀರಾ ಸರ್?" ಎಂದು ಸಹೋದ್ಯೋಗಿಗಳು ನಕ್ಕರು. ಅವರು ನಗುವುದಕ್ಕೂ ಕಾರಣವಿತ್ತು. ಮೊದಲು ಹೊರಗೋಡೆಗೆ ಕಟ್ಟಿದ್ದೆ. ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವ ಚಿತ್ರದುರ್ಗ ಇದು; ಆಷಾಢದ ಗಾಳಿಗೆ ಗುಂಡು ತೂಗುವುದನ್ನು ಬಿಟ್ಟು ಸುತ್ತತೊಡಗಿತು. ದಾವಣಗೆರೆಯಿಂದ ತಂದ ಹತ್ತಿ ಹುರಿ ಬೆಳಿಗ್ಗೆ ಅಳೆದದ್ದಕ್ಕಿಂತ ಮಧ್ಯಾಹ್ನ ಎರಡು ಬೆರಳು ಉದ್ದವಾಗಿರುತ್ತಿತ್ತು. ನೈಲಾನ್ ಅದಕ್ಕಿಂತ ಕಡೆ. ಕೊನೆಗೆ ನಿಂತದ್ದು ತೆಳು ಉಕ್ಕಿನ ತಂತಿ, ನೂರು ರೂಪಾಯಿಯ ಒಳಗೆ. ಗಾರೆಯವರು ಗೋಡೆಯ ನೇರ ನೋಡುವ ಕಬ್ಬಿಣದ ಗುಂಡು ಹಳೆಯದೊಂದು ನೂರೈವತ್ತಕ್ಕೆ ಸಿಕ್ಕಿತು. ಇದೇ ಕೆಲಸದ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಉಪಕರಣ ಮಾರುವವರೊಬ್ಬರು ಹನ್ನೆರಡು ಸಾವಿರದ ಹತ್ತಿರ ಹೇಳಿದ್ದರು.

ಗುಂಡನ್ನು ಒಂದು ಗೇಣಿಗಿಂತ ಹೆಚ್ಚು ಎಳೆಯಬಾರದು. ಕೈಯಿಂದ ಬಿಟ್ಟರೆ ಓರೆಯಾಗಿ ಹೋಗುತ್ತದೆ. ಪಕ್ಕಕ್ಕೆ ನೂಲಿನಿಂದ ಕಟ್ಟಿ, ನೂಲನ್ನು ಕಡ್ಡಿ ಗೀರಿ ಸುಡಬೇಕು. ಇಪ್ಪತ್ತು ಆಂದೋಲನಕ್ಕೆ (ಹೋಗಿ ಬಂದರೆ ಒಂದು) 98 ಸೆಕೆಂಡ್ ಆಸುಪಾಸು. ಬೆರಳಿನ ತಪ್ಪು ಅಷ್ಟೇ ಇದ್ದರೂ ಅಷ್ಟು ದೊಡ್ಡ ಕಾಲದಲ್ಲಿ ಅದು ಕರಗಿಹೋಗುತ್ತದೆ. ಬಹುತೇಕ ಗುಂಪುಗಳಿಗೆ 9.7ರಿಂದ 9.9ರ ನಡುವೆ ಬಂತು. ಯಾರಿಗಾದರೂ 10.8 ಬಂದರೆ ನಾನು ಲೆಕ್ಕ ನೋಡುವುದೇ ಇಲ್ಲ: ಗುಂಡು ಹೊರಟಾಗ "ಸೊನ್ನೆ" ಎನ್ನುವ ಬದಲು "ಒಂದು" ಎಂದಿರುತ್ತಾರೆ, ಎಣಿಸಿದ್ದು ಹತ್ತೊಂಬತ್ತೇ.

ನಡುವೆ ಗುಂಡನ್ನು ಬಿಚ್ಚಿ ನೀರು ತುಂಬಿದ ಬಾಟಲಿ ಕಟ್ಟಿ, ಉದ್ದವನ್ನು ಮತ್ತೆ ಆರು ಮೀಟರಿಗೆ ಸರಿಪಡಿಸಿದೆವು. ಕಾಲ ಬದಲಾಗಲಿಲ್ಲ. ಭಾರವಾದದ್ದು ಬೇಗ ಬೀಳುತ್ತದೆ ಎಂದು ವಾದಿಸುತ್ತಿದ್ದ ಹುಡುಗ ತಾನೇ ಮತ್ತೆ ಮತ್ತೆ ಅಳೆದು ಸುಮ್ಮನಾದ. ಅರ್ಧ ಖಾಲಿ ಮಾಡಿದರೆ ಕಾಲ ತುಸು ಹೆಚ್ಚಬೇಕು, ಭಾರದ ಕೇಂದ್ರ ಕೆಳಗಿಳಿಯುತ್ತದಲ್ಲ. ನಮ್ಮ ಸ್ಟಾಪ್‌ವಾಚಿಗೆ ಅದು ಸರಿಯಾಗಿ ಸಿಗಲಿಲ್ಲ. ಚಂದ್ರನ ಮೇಲೆ ಇದೇ ತಂತಿ ಒಂದು ಆಂದೋಲನಕ್ಕೆ ಹನ್ನೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಾಗ ಹುಡುಗಿಯೊಬ್ಬಳು ಹನ್ನೆರಡು ಎಣಿಸುತ್ತ ತೋಳನ್ನು ನಿಧಾನವಾಗಿ ಬೀಸಿ ತೋರಿಸಿದಳು.

ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ನಿಜವಾದ ಬೆಲೆ 9.78ರಷ್ಟು, ಧ್ರುವದಲ್ಲಿ 9.83. ಈ ವ್ಯತ್ಯಾಸ ನಮ್ಮ ತಂತಿಗೆ ನಿಲುಕದು; ನಿಲುಕಿತು ಎಂದು ವರದಿ ಬರೆಯುವವರನ್ನು ನಂಬಬೇಡಿ. ತಂತಿಯ ಮೇಲಿನ ತುದಿಯನ್ನು ಉಜ್ಜದಂತೆ ಹೇಗೆ ಬಿಗಿದಿದ್ದೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬಂದರೆ ತೋರಿಸುತ್ತೇನೆ.