ರಾತ್ರಿ ಅಲರ್ಟ್‌ಗಳನ್ನು ನಾವು ಕಡಿಮೆ ಮಾಡಿದ ಬಗೆ

ನಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಟೀಮಿನಲ್ಲಿ ಎಲ್ಲರಿಗೂ ಸರದಿಯಂತೆ ಆನ್‌ಕಾಲ್ ಬರುತ್ತದೆ. ಅಂದರೆ ಸರ್ವರಿನಲ್ಲಿ ತೊಂದರೆಯಾಗಿ ಫೋನಿಗೆ ಅಲರ್ಟ್ ಬಂದರೆ ರಾತ್ರಿಯಾದರೂ ಎದ್ದು ನೋಡಬೇಕು. ಕೆಲಸದ ರೀತಿ ಸರಿಪಡಿಸೋಣ ಅಂತ ಹೊರಟಾಗ ನಾವು ಮೊದಲು ಕೈಹಾಕಿದ್ದು ಅದಕ್ಕೇ. ನಿದ್ದೆಗೆಟ್ಟವರಿಂದ ಒಳ್ಳೆ ಕೋಡ್ ಬಯಸುವುದು ನ್ಯಾಯವಲ್ಲ, ಅಲ್ವಾ?

ರಾತ್ರಿ ಬಂದ ಅಲರ್ಟ್‌ಗಳನ್ನೆಲ್ಲ ಒಂದು ಶೀಟಿಗೆ ಹಾಕಿ, ಎಲ್ಲರೂ ಕೂತು ಒಂದೊಂದಾಗಿ ನೋಡಿದೆವು. ಕೇಳಿಕೊಂಡದ್ದು ಒಂದೇ ಪ್ರಶ್ನೆ: ಎದ್ದವರು ಆಗ ಏನು ಮಾಡಿದರು? ಬಹಳಷ್ಟಕ್ಕೆ ಉತ್ತರ, 'ನೋಡಿ ಮತ್ತೆ ಮಲಗಿದೆ'.

ಡಿಸ್ಕ್ 80% ತುಂಬಿದೆ ಅನ್ನುವ ಅಲರ್ಟನ್ನೇ ನೋಡಿ. ಲಾಗ್ (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಫೈಲ್) ನಿಧಾನಕ್ಕೆ ಬೆಳೆಯುವ ಸರ್ವರಿನಲ್ಲಿ ಉಳಿದ ಜಾಗ ತುಂಬಲು ದಿನಗಟ್ಟಲೆ ಬೇಕು. ಅದೇ ಯಾವುದೋ ಪ್ರಾಸೆಸ್ ಕೆಟ್ಟು ಒಂದೇ ಸಮನೆ ಲಾಗ್ ಬರೆಯತೊಡಗಿದರೆ 60% ಇರುವಾಗಲೇ ಎಬ್ಬಿಸಬೇಕು. ಹಾಗಾಗಿ ಎಷ್ಟು ತುಂಬಿದೆ ಅಂತ ನೋಡುವುದನ್ನು ಬಿಟ್ಟೆವು. ಇದೇ ವೇಗದಲ್ಲಿ ಹೋದರೆ 4 ಗಂಟೆಯೊಳಗೆ ತುಂಬುತ್ತದಾ ಅಂತ ನೋಡುವ ರೂಲ್ ಬರೆದೆವು. ಸರ್ವರ್‌ಗಳ ಮೇಲೆ ಕಣ್ಣಿಡುವ ಪ್ರಮೀಥಿಯಸ್ ಅನ್ನುವ ಟೂಲ್‌ನಲ್ಲಿ ಇದಕ್ಕೆಂದೇ ಪ್ರೆಡಿಕ್ಟ್ ಲೀನಿಯರ್ ಅನ್ನುವ ಫಂಕ್ಷನ್ ಇದೆ. ಉಳಿದದ್ದೆಲ್ಲ ಕೆಲಸದ ಪಟ್ಟಿಗೆ ಸೇರಿ ಬೆಳಿಗ್ಗೆ ನೋಡುವ ಟಿಕೆಟ್.

'ಏನಾದರೂ ಕಣ್ತಪ್ಪಿದರೆ?' ಅಂತ ಕೆಲವರು ಹೆದರಿದರು. ಆ ಹೆದರಿಕೆಗೂ ಅರ್ಥವಿದೆ. ಅದಕ್ಕೇ ಯಾವ ಅಲರ್ಟನ್ನೂ ನೇರ ಅಳಿಸಲಿಲ್ಲ. ಮೊದಲು ಫೋನ್‌ನಿಂದ ಚಾಟ್ ಚಾನೆಲ್‌ಗೆ ಇಳಿಸಿದೆವು. ಅಲ್ಲೂ ಯಾರಿಗೂ ಬೇಡವಾದದ್ದನ್ನು ಮಾತ್ರ ತೆಗೆದೆವು.

ಆನ್‌ಕಾಲ್ ಇರುವವರಿಗೆ ಆ ವಾರ ಈಗ ಫೀಚರ್ ಕೆಲಸ (ಹೊಸ ಸೌಲಭ್ಯ ಕಟ್ಟುವುದು) ಕೊಡುವುದಿಲ್ಲ. ತಮ್ಮನ್ನು ಎಬ್ಬಿಸಿದ ತೊಂದರೆಯನ್ನು ಬುಡದಿಂದ ಸರಿಮಾಡುವುದೇ ಅವರ ಆ ವಾರದ ಕೆಲಸ. ರಾತ್ರಿ ಎದ್ದವರಿಗೆ ಮಾರನೇ ದಿನ ಮಧ್ಯಾಹ್ನದವರೆಗೆ ಬಿಡುವು. ಸುಮ್ನೆ ಬಾಯಲ್ಲಿ ಹೇಳಿದರೆ ಸಂಕೋಚಪಟ್ಟು ಯಾರೂ ತಗೊಳ್ಳಲ್ಲ. ಆ ಹೊತ್ತನ್ನು ಅವರ ಕ್ಯಾಲೆಂಡರಿನಲ್ಲಿ ನಾನೇ ಬ್ಲಾಕ್ ಮಾಡುತ್ತೇನೆ.

ಫೀಚರ್‌ಗಳು ತಡವಾಗುತ್ತವೆ ಅನ್ನುವ ಆಕ್ಷೇಪ ಬಂತು. ಅದಕ್ಕೆ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಸೂತ್ರ ಮುಂದಿಟ್ಟೆ: ಕೈಯಲ್ಲಿರುವ ಕೆಲಸಗಳನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದೊಂದಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ವಾರಕ್ಕೆ 5 ಕೆಲಸ ಮುಗಿಸುವ ಟೀಮಿನ ಕೈಯಲ್ಲಿ ಯಾವಾಗಲೂ 20 ಕೆಲಸ ಇದ್ದರೆ ಪ್ರತಿಯೊಂದಕ್ಕೂ ಸರಾಸರಿ 4 ವಾರ ಹಿಡಿಯುತ್ತದೆ. ಅದೇ ವೇಗದಲ್ಲಿ 10 ಇದ್ದರೆ 2 ವಾರ. ಒಬ್ಬರು ಕಡಿಮೆಯಾದರೆ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ತಡಕ್ಕೆ ದೊಡ್ಡ ಕಾರಣ ಒಟ್ಟೊಟ್ಟಿಗೆ ಶುರುಮಾಡಿದ ಕೆಲಸಗಳು. ಅವಕ್ಕೆ ಮಿತಿ ಹಾಕಿದೆವು.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಹೊರಗಿನವರ ಸರ್ವಿಸ್ ನಿಂತರೆ ನಮ್ಮ ಕೈಯಲ್ಲಿ ಮಾಡಲು ಏನೂ ಇರಲ್ಲ. ಆದರೂ ಬಳಕೆದಾರರಿಗೆ ತಿಳಿಸಲು ಒಬ್ಬರು ಏಳಲೇಬೇಕು. ಆ ಸೂಚನೆ ತಾನಾಗಿಯೇ ಹೋಗುವಂತೆ ಮಾಡುವ ಕೆಲಸ ಈಗ ನಡೆದಿದೆ.